ಮಾಟವಿಲ್ಲದ ಮಾಟಗಾತಿ

ಇಂಗ್ಲಿಷಿನ ಗಣಿತಗ್ರಂಥಗಳಲ್ಲಿ ‘ಆನ್ಯೇಸಿಯ ಮಾಟಗಾತಿ’ ಎಂಬ ವಿಚಿತ್ರ ಹೆಸರಿನ ವಕ್ರರೇಖೆಯೊಂದುಂಟು. ಮಾಟಕ್ಕೂ ಗಣಿತಕ್ಕೂ ಏನು ನಂಟು ಎಂದು ನೀವು ಕೇಳುವಿರಿ. ನಂಟೇನೂ ಇಲ್ಲ, ಇರುವುದು ಭಾಷಾಂತರದ ಒಂದು ಎಡವಟ್ಟು.

ಮರಿಯಾ ಗಯೆತಾನಾ ಆನ್ಯೇಸಿ 1718ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಹುಟ್ಟಿದಳು. ಸಿರಿವಂತ ತಂದೆಯ 21 ಮಕ್ಕಳಲ್ಲಿ ಈಕೆಯೇ ಹಿರಿಯಳು. 1748ರಲ್ಲಿ ಈಕೆಯ ಗಣಿತಗ್ರಂಥ ಎರಡು ಸಂಪುಟಗಳಲ್ಲಿ ಹೊರಬಂತು. ಪುಟಗಳು ಸಾವಿರಕ್ಕೂ ಮಿಗಿಲು. ಪಂಡಿತರಲ್ಲಿ ಹಲವರು ಇನ್ನೂ ಲ್ಯಾಟಿನ್ನಿನಲ್ಲೇ ಬರೆಯುತ್ತಿದ್ದ ಕಾಲವದು. ಆಕೆಯೋ ತಾಯ್ನುಡಿಯಲ್ಲಿ, ‘ಇಟಲಿಯ ತರುಣರ ಉಪಯೋಗಕ್ಕಾಗಿ’ ಎಂದು ಪುಸ್ತಕದ ಹೆಸರಿನಲ್ಲೇ ಸಾರಿ ಬರೆದಳು. ನ್ಯೂಟನ್, ಲೈಬ್ನಿಟ್ಸರಿಂದ ಬಂದ ಕಲನಶಾಸ್ತ್ರವನ್ನು ಕ್ರಮವಾಗಿ ಪೋಣಿಸಿ ಕಲಿಯುವವರ ಕೈಗಿತ್ತಳು.

ನಮ್ಮ ರೇಖೆ ಆ ಪುಸ್ತಕದ್ದು. ಮಟ್ಟಸವಾದ ಗೆರೆಯೊಂದನ್ನೆಳೆದು ನಡುವೆ ಒಂದು ಬಿಂದುವನ್ನು ಗುರುತಿಸಿ. ಅಲ್ಲಿಂದ ಎಷ್ಟು ದೂರ ಹೋದಿರೋ ಅದರ ವರ್ಗಕ್ಕೆ 1ನ್ನು ಕೂಡಿಸಿ, ಬಂದ ಮೊತ್ತದಿಂದ 1ನ್ನು ಭಾಗಿಸಿ. ಅದೇ ಆ ಸ್ಥಳದ ಎತ್ತರ. ಹೀಗೆ ಅಂಶ, ಛೇದಗಳಿಂದಾದುದನ್ನು ಭಾಗಲಬ್ಧ ಫಲನ ಎನ್ನುತ್ತಾರೆ. ನಡುವೆ ಎತ್ತರ 1. 3 ಅಳತೆಯಾಚೆ ಹತ್ತರಲ್ಲೊಂದು ಪಾಲು. 10 ಅಳತೆಯಾಚೆ 101ರಲ್ಲೊಂದು. ಎಷ್ಟು ದೂರ ನಡೆದರೂ ರೇಖೆ ಕೆಳಗಿನ ಗೆರೆಯನ್ನು ಮುಟ್ಟುವುದೇ ಇಲ್ಲ.

ಹೀಗೆ ಒಂದೊಂದೇ ಬಿಂದುವನ್ನು ಹುಡುಕುತ್ತ ಹೋದರೆ ಆಯುಷ್ಯ ಸಾಲದು. ನಿಷ್ಪನ್ನ ನೆರವಿಗೆ ಬರುವುದು ಇಲ್ಲಿ. ಯಾವ ಸ್ಥಳದಲ್ಲಿ ಎಷ್ಟು ಏರು, ಎಷ್ಟು ಇಳಿವು ಎಂಬುದನ್ನು ಅದು ಹೇಳಿಬಿಡುತ್ತದೆ. ಈ ರೇಖೆಯಲ್ಲಿ ಅದು ಎಡಕ್ಕೆ ಧನ, ಬಲಕ್ಕೆ ಋಣ, ನಟ್ಟನಡುವೆ ಮಾತ್ರ ಸೊನ್ನೆ. ಎಂದರೆ ಶಿಖರ ಒಂದೇ ಒಂದು. ಆ ನಿಷ್ಪನ್ನಕ್ಕೇ ಮತ್ತೊಮ್ಮೆ ನಿಷ್ಪನ್ನ ತೆಗೆಯಿರಿ. ದೂರದ ವರ್ಗ ಮೂರರಲ್ಲೊಂದಾದ ಕಡೆ, ಸುಮಾರು 0.577 ಅಳತೆಯಾಚೆ, ಅದೂ ಸೊನ್ನೆಯಾಗುತ್ತದೆ. ಅಲ್ಲಿಯವರೆಗೆ ಬೋರಲು ಬಟ್ಟಲಿನಂತೆ ಬಾಗಿದ್ದ ರೇಖೆ ಅಲ್ಲಿಂದಾಚೆ ಅಂಗಾತ ಬಟ್ಟಲಿನಂತೆ ಬಾಗುತ್ತದೆ. ಇಳಿಜಾರು ಅತಿ ಕಡಿದಾಗಿರುವುದೂ ಅಲ್ಲಿಯೇ. ಆ ಸ್ಥಳದ ಎತ್ತರ ಶಿಖರದ ಮುಕ್ಕಾಲು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ನನಗಂತೂ ಈ ಮುಕ್ಕಾಲು ಕಂಡಾಗಲೆಲ್ಲ ಸಂತೋಷವಾಗುತ್ತದೆ.

ಈ ಗುಡ್ಡ ನಿಮ್ಮ ಮನೆಗೂ ಬಂದಿದೆ. ರೇಡಿಯೋದ ಗುಂಡಿಯನ್ನು ತಿರುಗಿಸುವಾಗ ನಿಲಯದ ಧ್ವನಿ ಏರಿ, ತುದಿ ಮುಟ್ಟಿ, ಮತ್ತೆ ಕುಗ್ಗುವುದಷ್ಟೆ? ಶ್ರುತಿಗೂಡಿದ ವಿದ್ಯುನ್ಮಂಡಲಕ್ಕೆ ದಕ್ಕುವ ಶಕ್ತಿಯನ್ನು ಚಿತ್ರಿಸಿದರೆ, ಶಿಖರದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಇದೇ ಆಕಾರ.

ಮಾಟಗಾತಿ ಬಂದದ್ದೆಲ್ಲಿಂದ? ಇಟಾಲಿಯನ್ನಿನಲ್ಲಿ ರೇಖೆಯ ಹೆಸರು ‘ವೆರ್ಸಿಯೇರಾ’. ತಿರುಗು ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಕೇಂಬ್ರಿಜ್‌ನ ಪ್ರಾಧ್ಯಾಪಕ ಜಾನ್ ಕೋಲ್ಸನ್ ಈ ಪುಸ್ತಕವನ್ನು ಇಂಗ್ಲಿಷಿಗೆ ತರಲೆಂದೇ ಮುಪ್ಪಿನಲ್ಲಿ ಇಟಾಲಿಯನ್ ಕಲಿತ. ಆತ ಆ ಪದವನ್ನು ಪಿಶಾಚಿ, ಮಾಟಗಾತಿ ಎಂಬರ್ಥದ ‘ಅವ್ವೆರ್ಸಿಯೇರಾ’ ಎಂದು ತಿಳಿದಂತೆ ತೋರುತ್ತದೆ. ಅಷ್ಟು ಶ್ರದ್ಧೆಯವನನ್ನು ಹಳಿಯಲು ಮನಸ್ಸು ಬಾರದು. 1760ರಲ್ಲಿ ಆತ ತೀರಿಕೊಂಡ. ಅನುವಾದ ಅಚ್ಚಾದದ್ದು 1801ರಲ್ಲಿ.

ಅಷ್ಟರಲ್ಲಿ ಆನ್ಯೇಸಿಯೂ ಇರಲಿಲ್ಲ. 1750ರಲ್ಲಿ ಪೋಪರು ಬೊಲೋನ್ಯಾ ವಿಶ್ವವಿದ್ಯಾಲಯದ ಪೀಠವಿತ್ತರೂ ಆಕೆ ಅಲ್ಲಿಗೆ ಹೋಗಲಿಲ್ಲ. 1752ರಲ್ಲಿ ತಂದೆ ತೀರಿದ ಮೇಲೆ ಗಣಿತವನ್ನೇ ಬಿಟ್ಟು, ಬಡವರ, ರೋಗಿಗಳ ಸೇವೆಗೆ ನಿಂತಳು. 1771ರಿಂದ ಮಿಲಾನಿನ ವೃದ್ಧಾಶ್ರಮವೊಂದರ ಸ್ತ್ರೀವಿಭಾಗವನ್ನು ನೋಡಿಕೊಂಡು, 1799ರ ಜನವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ತನ್ನ ಹೆಸರಿಗೆ ಮಾಟಗಾತಿ ಅಂಟಿಕೊಂಡದ್ದು ಆಕೆಗೆ ತಿಳಿಯಲೇ ಇಲ್ಲ.