ಹೊನ್ನಾಳಿಯ ಕಲ್ಲು, ಪಾದ್ರಿಯ ಮನೆ

ವಿಲಿಯಂ ಕೇರಿ ಕನ್ನಡ ನಾಡಿಗೆ ಒಮ್ಮೆಯೂ ಕಾಲಿಡಲಿಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ಈ ಬ್ಯಾಪ್ಟಿಸ್ಟ್ ಬೋಧಕರು ಶ್ರೀರಾಂಪುರದಲ್ಲಿ ಕೂತೇ 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಅಚ್ಚು ಹಾಕಿಸಿದರು. ಅದಕ್ಕೆ ಐದು ವರ್ಷ ಮುಂಚೆ, 1812ರ ಮಾರ್ಚಿನಲ್ಲಿ, ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಬೂದಿಯಾದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಛಲ ಬಿಡದೆ ಅದನ್ನು ಮತ್ತೆ ಮಾಡಿದರು. ಆದರೆ ಜನರ ಕೈಯಲ್ಲಿ ಉಳಿದದ್ದು ಆ ಪುಸ್ತಕವಲ್ಲ. 1810ರಿಂದ ಬಳ್ಳಾರಿಯಲ್ಲಿ ನೆಲೆಸಿ, ಅಲ್ಲಿನವರ ಮಾತು ಕೇಳುತ್ತ ಕೆಲಸ ಮಾಡಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಅನುವಾದ ಉಳಿಯಿತು. 1831ರ ವೇಳೆಗೆ ಇಡೀ ಬೈಬಲ್ಲೇ ಕನ್ನಡಕ್ಕೆ ಬಂತು. ಶ್ರದ್ಧೆಯಲ್ಲಿ ಇಬ್ಬರೂ ಕಡಿಮೆಯವರಲ್ಲ. ಒಬ್ಬರಿಗೆ ಕನ್ನಡ ಮೇಜಿನ ಮೇಲಿತ್ತು, ಇನ್ನೊಬ್ಬರಿಗೆ ಬೀದಿಯಲ್ಲಿತ್ತು.

ಪಾದ್ರಿಗಳ ಚರಿತ್ರೆ ಬರೆಯುವವರು, ಹೊಗಳುವವರಾಗಲಿ ತೆಗಳುವವರಾಗಲಿ, ಎಷ್ಟು ಜನ ಮತ ಬದಲಿಸಿದರು ಎಂಬ ಲೆಕ್ಕ ಹಿಡಿದೇ ಕೂರುತ್ತಾರೆ. ಈಗಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಟ್ಟಿಗೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಈ ಸೀಮೆಯ ಮೇಲೆ ಗಾಢವಾಗಿ ಗುರುತು ಬಿಟ್ಟ ಪಾದ್ರಿ ಮನೆ ಬೆಂಗಳೂರಿನಲ್ಲಿತ್ತು. ಅದು ಬಿಟ್ಟ ಗುರುತು ಇರುವುದು ಶಾಸನಗಳಿಗೆ ಬಿದ್ದ ಕ್ರಮಸಂಖ್ಯೆಗಳಲ್ಲಿ. ಬೆಂಜಮಿನ್ ರೈಸ್ 1837ರಲ್ಲಿ ಲಂಡನ್ ಮಿಷನ್ನಿನಿಂದ ಬೆಂಗಳೂರಿಗೆ ಬಂದರು. ಬ್ಯಾಪ್ಟಿಸ್ಟರಲ್ಲ, ಹ್ಯಾಂಡ್ಸರ ಪಂಗಡದವರೇ. ಸಾಯುವ ತನಕ, ಐವತ್ತು ವರ್ಷ, ಅಲ್ಲೇ ಇದ್ದು ಕನ್ನಡದಲ್ಲಿ ಬೋಧಿಸಿದರು, ಹ್ಯಾಂಡ್ಸರ ಬೈಬಲ್ಲನ್ನು ತಿದ್ದುವ ಕೆಲಸದಲ್ಲೂ ಕೈಜೋಡಿಸಿದರು. ಹೆಂಡತಿ ಜೇನ್ 1840ರ ದಶಕದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ನಡೆಸಿದವರು. ಚರಿತ್ರೆಕಾರರು ಆಕೆಯನ್ನು ಒಂದು ಸಾಲಿಗೆ ಮುಗಿಸುತ್ತಾರೆ, ನನಗೂ ಇಲ್ಲಿ ಅಷ್ಟೇ ಜಾಗ. ಇವರ ಮಗ ಬೆಂಜಮಿನ್ ಲೂಯಿಸ್ ಹುಟ್ಟಿದ್ದೂ 1837ರಲ್ಲೇ, ಬೆಂಗಳೂರಿನಲ್ಲೇ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು, ಆಮೇಲೆ ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದರು. ಶಾಲೆ ನೋಡಲು ಹೋದ ಊರಲ್ಲೆಲ್ಲ ಕಣ್ಣಿಗೆ ಬಿದ್ದದ್ದು ಅಕ್ಷರ ಕೊರೆದ ಕಲ್ಲು.

ಮಗ ಮಾಡಿದ್ದು ಸರ್ಕಾರದ ಕೆಲಸ, ಅದಕ್ಕೂ ಅಪ್ಪನ ಬೋಧನೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಆದರೆ ಸರ್ಕಾರದಲ್ಲಿ ಅಧಿಕಾರಿಗಳಿಗೆ ಬರವಿರಲಿಲ್ಲ. ಮಗ ರೈಸ್‌ಗಿಂತ ಆರು ದಶಕ ಮುಂಚೆ ಕಾಲಿನ್ ಮೆಕೆಂಜಿ ಶಾಸನಗಳ ನಕಲು ಮಾಡಿಸಿದ್ದರು. 1865ರಲ್ಲಿ ಮೇಜರ್ ಡಿಕ್ಸನ್ ಫೋಟೋಗಳನ್ನೂ ತೆಗೆದಿದ್ದರು. ಕೊರತೆಯಿದ್ದದ್ದು ಓದುವವರಿಗೆ. ಆ ಫೋಟೋಗಳಿಂದಲೇ ಶುರುಮಾಡಿ ರೈಸ್ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ತಂದರು. ಒಂದೊಂದು ಪದಕ್ಕೂ ಪಾಠ ಹೋಲಿಸಿ, ಶಾಸ್ತ್ರಿಗಳನ್ನು ಕೇಳಿ ಇತ್ಯರ್ಥ ಮಾಡುವುದು ಬೈಬಲ್ ತಿದ್ದುತ್ತಿದ್ದ ಮನೆಯ ನಿತ್ಯದ ವ್ಯವಹಾರ. ತಮ್ಮ ಎಡ್ವರ್ಡ್ ಪೀಟರ್ ರೈಸ್ ಪಾದ್ರಿಯಾಗಿಯೇ ಉಳಿದೂ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದದ್ದು ಕಾಕತಾಳೀಯವಲ್ಲ. ಆ ಪುಸ್ತಕದಲ್ಲಿ ನಮ್ಮ ಕವಿಗಳ ಬಗ್ಗೆ ತಾತ್ಸಾರದ ಮಾತುಗಳಿವೆ, ಅವನ್ನು ಮುಚ್ಚಿಡಬೇಕಿಲ್ಲ. ಅಣ್ಣನ ಶಾಸನ ಸಂಪುಟಗಳಲ್ಲಾದರೋ ಶಿವನ ಸ್ತುತಿ, ಜಿನನ ಸ್ತುತಿ, ವಿಷ್ಣುವಿನ ಸ್ತುತಿ, ಎಲ್ಲವೂ ಕಲ್ಲಿನಲ್ಲಿದ್ದ ಹಾಗೇ ಅಚ್ಚಾಗಿವೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ: ಓದಿದವರು ಪಂಡಿತರು, ಹೆಸರು ಬಿಳಿ ದೊರೆಗಳಿಗೆ. ಇದರಲ್ಲಿ ಬಹುಪಾಲು ನಿಜ. ಮಣ್ಣಲ್ಲಿ ಅರ್ಧ ಹೂತ ವೀರಗಲ್ಲನ್ನು ಅಗೆದು, ತೊಳೆದು, ಪಾಚಿ ಉಜ್ಜಿ, ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಗೆ ಕಾಗದ ಇಳಿಯುವ ಹಾಗೆ ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಒಬ್ಬ ದೊರೆಯ ಕೈಯಲ್ಲಾಗುವ ಕೆಲಸವಲ್ಲ. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೇ ಬಂದರು, ವಿದ್ವತ್ತಿನಲ್ಲಿ ಅವರನ್ನು ಮೀರಿಸಿದರು. ಹಾಗೆಂದು ರೈಸರ ಪಾಲು ಸೊನ್ನೆಯಾಗುವುದಿಲ್ಲ. ಸುಮಾರು 9,000 ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಕನ್ನಡ ಲಿಪಿ, ರೋಮನ್ ಲಿಪಿ, ಇಂಗ್ಲಿಷ್ ಅನುವಾದ ಮೂರನ್ನೂ ಕೊಟ್ಟು, ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ದಡ ಮುಟ್ಟಿಸಿದ ಹಟ ಅವರದು.

ಹೊನ್ನಾಳಿ, ಚನ್ನಗಿರಿಗಳ ಕಲ್ಲುಗಳು 1902ರ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯಡಿ ಇವೆ; ಜಗಳೂರಿನವು ಚಿತ್ರದುರ್ಗದ ಹನ್ನೊಂದನೆಯದರಲ್ಲಿ. ನಾಗವಂಶದವರೆಂದು ಹೇಳಿಕೊಂಡ ಬೆಳಗುತ್ತಿಯ ಸಿಂದರು, ಚಾಳುಕ್ಯರಿಗೂ ಹೊಯ್ಸಳರಿಗೂ ಸೇವುಣರಿಗೂ ನಡುವೆ ತೂಗಾಡಿದ ಆ ಸಾಮಂತರು, ನಮಗೆ ಸಿಕ್ಕಿದ್ದು ಮುಖ್ಯವಾಗಿ ಈ ಪುಟಗಳಿಂದ. ಊರ ಬಾಗಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲಿಗೂ ತಾಲ್ಲೂಕಿನ ಹೆಸರಿನ ಪಕ್ಕ ಒಂದು ಸಂಖ್ಯೆ ಬಂತು. ಇವತ್ತಿಗೂ ಸಂಶೋಧಕರು ಅದೇ ಸಂಖ್ಯೆಯಿಂದ ಆ ಕಲ್ಲನ್ನು ಕರೆಯುತ್ತಾರೆ. ಜಿಲ್ಲೆಗಳು ಮಾತ್ರ ಅಲ್ಲೇ ನಿಲ್ಲಲಿಲ್ಲ. 1997ರಲ್ಲಿ ಮೂರು ತಾಲ್ಲೂಕುಗಳೂ ದಾವಣಗೆರೆಗೆ ಸೇರಿದವು. ಮಲೆನಾಡಿನ ಸರಕು ಬಯಲುಸೀಮೆಗೆ ಇಳಿಯುವ ದಾರಿಯ ಸಂತೆ ಊರಾಗಿದ್ದ ನ್ಯಾಮತಿ ತಾಲ್ಲೂಕಾದದ್ದು ಅದಕ್ಕೂ ಎರಡು ದಶಕ ತಡವಾಗಿ. ಬೆಳಗುತ್ತಿ ಈಗ ಅದರ ಪಾಲಿಗೆ ಬಂದಿದೆ. ರೈಸ್ ಸಂಪುಟದಲ್ಲಿ ನ್ಯಾಮತಿ ತಾಲ್ಲೂಕು ಎಂಬುದೇ ಇಲ್ಲ. ಬೆಳಗುತ್ತಿಯವರು ತಮ್ಮೂರಿನ ಕಲ್ಲು ಹುಡುಕಬೇಕಾದರೆ ಈಗಲೂ ಹೊನ್ನಾಳಿಯ ಪುಟಗಳನ್ನೇ ತೆರೆಯಬೇಕು.