ಒಂದೇ ಅಳತೆಯಲ್ಲದ ಅಣುಗಳು

ಸಕ್ಕರೆಯ ಹರಳೊಂದರಲ್ಲಿರುವ ಅಣುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಶುದ್ಧ ವಸ್ತುವೆಂದರೆ ಅದರ ಅಣುಗಳೆಲ್ಲ ಒಂದೇ ತೂಕದವಾಗಿರಬೇಕೆಂಬುದು ಹಳೆಯ ರಸಾಯನಶಾಸ್ತ್ರದ ನಂಬಿಕೆಯಾಗಿತ್ತು. ರಬ್ಬರು, ನೈಲಾನು, ಪ್ಲಾಸ್ಟಿಕ್ಕುಗಳು ಈ ನಂಬಿಕೆಗೆ ಒಗ್ಗಲಿಲ್ಲ. ಅವುಗಳ ಅಸಮತೆಯನ್ನು ವಿಜ್ಞಾನಿಗಳು ಮೊದಲು ಒಪ್ಪಿ, ಆಮೇಲೆ ಲೆಕ್ಕ ಹಾಕಿ, ಕೊನೆಗೆ ಅಂಕೆಗೆ ತಂದ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಲು ಬಯಸುತ್ತೇನೆ.

ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಒಂದು ಲೇಖನ ಪ್ರಕಟಿಸಿದ. ಇಂಥ ವಸ್ತುಗಳಲ್ಲಿ ಚಿಕ್ಕ ಅಣುಗಳು ಕೊಂಡಿಗೆ ಕೊಂಡಿ ಬೆಸೆದು ಉದ್ದನೆಯ ಸರಪಳಿಗಳಾಗಿವೆ ಎಂಬುದು ಅವನ ವಾದ. ಸಮಕಾಲೀನರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಚಿಕ್ಕ ಅಣುಗಳು ಬರಿಯ ಗುಂಪುಗೂಡಿವೆ, ಅಷ್ಟೇ ಎಂದರು. ಸರಪಳಿಗಳ ಉದ್ದ ಒಂದೇ ಅಲ್ಲ, ನಾವು ಅಳೆಯುವ ತೂಕ ಸರಾಸರಿ ಮಾತ್ರ ಎಂಬ ಮಾತನ್ನು ಅರಗಿಸಿಕೊಳ್ಳುವುದು ಆಗ ಸುಲಭವಿರಲಿಲ್ಲ. ಸ್ಟೌಡಿಂಗರ್‌ಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ.

ಇತ್ತ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸನ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. ಅದೇ ತಂಡಕ್ಕೆ ಹಿಂದಿನ ವರ್ಷ ಸೇರಿದ್ದ ತರುಣ ಪಾಲ್ ಫ್ಲೋರಿ ಸರಳವಾದ ಒಂದು ಪ್ರಶ್ನೆ ಎತ್ತಿಕೊಂಡ: ಎಷ್ಟು ಸರಪಳಿಗಳು ಎಷ್ಟೆಷ್ಟು ಉದ್ದ? ಸರಪಳಿ ಉದ್ದವಾದಂತೆ ಅದರ ತುದಿ ಮಂದವಾಗುತ್ತದೆಂದು ಅನೇಕರು ಭಾವಿಸಿದ್ದರು. ತುದಿಗೆ ತನ್ನ ಬೆನ್ನ ಹಿಂದಿರುವ ಉದ್ದದ ಅರಿವೇ ಇಲ್ಲ, ಎಲ್ಲ ತುದಿಗಳಿಗೂ ಕೂಡುವ ಅವಕಾಶ ಸಮಾನ ಎಂದು ಫ್ಲೋರಿ ಭಾವಿಸಿದ. ಜಾತ್ರೆಯ ಜನ ಕತ್ತಲಲ್ಲಿ ಕೈಗೆ ಸಿಕ್ಕ ಕೈ ಹಿಡಿದು ಸಾಲುಗಟ್ಟಿದಂತೆ ಇದು. ಸಾಲಿನ ಉದ್ದವನ್ನು ನಿರ್ಧರಿಸುವುದು ಆಕಸ್ಮಿಕ.

1936ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಸೋಜಿಗದ್ದು. ನೂರು ತುದಿಗಳಲ್ಲಿ ತೊಂಬತ್ತೆಂಟು ಕೂಡಿದ್ದರೆ ಸರಪಳಿಯ ಸರಾಸರಿ ಉದ್ದ 50 ಕೊಂಡಿ. ಇನ್ನೊಂದು ಕೂಡಿದರೆ ಒಮ್ಮೆಲೇ 100. ಆಗಲೂ ತಲೆ ಎಣಿಸಿದರೆ, ಬೇರಾವ ಉದ್ದದ ಸರಪಳಿಗಿಂತಲೂ ಕೂಡದೆ ಉಳಿದ ಒಂಟಿ ಕೊಂಡಿಗಳೇ ಹೆಚ್ಚು. ತೂಗಿ ನೋಡಿದರೆ ಅವುಗಳ ಪಾಲು ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ಆದ್ದರಿಂದ ತಲೆಯೆಣಿಕೆಯ ಸರಾಸರಿಯೇ ಬೇರೆ, ತೂಕದ ಸರಾಸರಿಯೇ ಬೇರೆ. ಎರಡನೆಯದು ಮೊದಲನೆಯದರ ಸುಮಾರು ಎರಡರಷ್ಟು.

ಇದು ಬರಿಯ ಗಣಿತವಲ್ಲ. ಸರಪಳಿಗಳು ತೀರ ಗಿಡ್ಡವಾದರೆ ನೂಲಿಗೆ ಬಲವಿಲ್ಲ. ತೀರ ಉದ್ದವಾದರೆ ಕರಗಿದ ಪಾಕ ಸಣ್ಣ ರಂಧ್ರಗಳಲ್ಲಿ ಹರಿದು ನೂಲಾಗದು. ಆದ್ದರಿಂದ ನೈಲಾನಿನ ಪಾಕಕ್ಕೆ ಅಸೆಟಿಕ್ ಆಮ್ಲವನ್ನು ಅಳೆದು ಸೇರಿಸುತ್ತಾರೆ. ಅದಕ್ಕೆ ಇರುವುದು ಒಂದೇ ಕೈ. ಸರಪಳಿಯ ತುದಿಯನ್ನು ಹಿಡಿದು ಬೆಳವಣಿಗೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಸರಾಸರಿ ಹೀಗೆ ಹತೋಟಿಗೆ ಬಂತು. ಅಸಮತೆ ಮಾತ್ರ ಉಳಿಯಿತು.

ಸ್ಟೈರೀನಿನಂಥ ಬೇರೊಂದು ಬಗೆಯ ವಸ್ತುಗಳಲ್ಲಿ ಅಸಮತೆಗೆ ಕಾರಣವೇ ಬೇರೆ. ಅಲ್ಲಿ ಸರಪಳಿಗಳು ಬೇರೆಬೇರೆ ಗಳಿಗೆಯಲ್ಲಿ ಹುಟ್ಟಿ ಬೇರೆಬೇರೆ ಗಳಿಗೆಯಲ್ಲಿ ಸಾಯುತ್ತವೆ. ಎಲ್ಲವೂ ಒಟ್ಟಿಗೆ ಹುಟ್ಟಿ, ಯಾವುದೂ ಸಾಯದಿದ್ದರೆ? ಉದ್ದಗಳು ಬಹುಮಟ್ಟಿಗೆ ಸಮವಾಗುತ್ತವೆಂದು ಫ್ಲೋರಿ 1940ರಲ್ಲೇ ಲೆಕ್ಕ ಹಾಕಿದ್ದ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದ ಸಿರಕ್ಯೂಸ್‌ನಲ್ಲಿ ನೆಲೆಸಿದ್ದ ಮೈಕೇಲ್ ಶ್ವಾರ್ಟ್ಸ್ 1956ರಲ್ಲಿ ಸ್ಟೈರೀನಿನಲ್ಲಿ ಇದನ್ನು ಕಂಡು ತೋರಿಸಿದ. ಗಾಳಿಯೂ ತೇವವೂ ಸೋಕದ ಪಾತ್ರೆಯಲ್ಲಿ ಸೋಡಿಯಂ ಮತ್ತು ನ್ಯಾಫ್ತಲೀನ್ ಕೂಡಿದ ಹಸಿರು ದ್ರಾವಣಕ್ಕೆ ಸ್ಟೈರೀನ್ ಬಿದ್ದೊಡನೆ ಕೆಂಪೇರಿತು. ಸ್ಟೈರೀನ್ ಮುಗಿದರೂ ಕೆಂಪು ಮಾಸಲಿಲ್ಲ. ಮತ್ತಷ್ಟು ಹಾಕಿದರೆ ಅವೇ ಸರಪಳಿಗಳು ಮತ್ತೆ ಬೆಳೆದವು, ದ್ರಾವಣ ಇನ್ನಷ್ಟು ಮಂದವಾಯಿತು. ಇವುಗಳನ್ನು ಅವನು ‘ಜೀವಂತ ಪಾಲಿಮರ್’ ಎಂದು ಕರೆದ. ಇದ್ದ ಆಹಾರವನ್ನು ಎಲ್ಲ ಸರಪಳಿಗಳೂ ಸಮನಾಗಿ ಹಂಚಿಕೊಳ್ಳುವುದರಿಂದ ಉದ್ದವನ್ನು ಮೊದಲೇ ಗೊತ್ತುಮಾಡಬಹುದಾಯಿತು. ಜೀವಂತ ತುದಿಗೆ ಬೇರೊಂದು ಬಗೆಯ ಕೊಂಡಿಗಳನ್ನು ಜೋಡಿಸುವುದೂ ಸಾಧ್ಯವಾಯಿತು. ಕಾಯಿಸಿದರೆ ಕರಗಿ, ಆರಿದರೆ ಮತ್ತೆ ಹಿಗ್ಗುವ ರಬ್ಬರುಗಳು 1960ರ ದಶಕದಲ್ಲಿ ಈ ದಾರಿಯಿಂದ ಬಂದವು.

ಜೀವಕೋಶವಾದರೋ ತನ್ನ ಪ್ರೋಟೀನುಗಳನ್ನು ಕೊಂಡಿ ಎಣಿಸಿಯೇ ಹೆಣೆಯುತ್ತದೆ. ಶ್ವಾರ್ಟ್ಸನ ಪಾತ್ರೆಯಲ್ಲಿ ಆ ಎಣಿಕೆಯಿಲ್ಲ; ಅಲ್ಲಿಯೂ ಸರಪಳಿಗಳ ಉದ್ದದಲ್ಲಿ ಅಷ್ಟಿಷ್ಟು ಅಂತರ ಉಳಿದೇ ಇರುತ್ತದೆ. ಆ ಅಂತರವನ್ನು ದೋಷವೆಂದು ತಳ್ಳಿಹಾಕದೆ, ಅದಕ್ಕೂ ಒಂದು ನಿಯಮವಿದೆಯೆಂದು ಹುಡುಕಿದ್ದರಿಂದಲೇ ಈ ವಿಜ್ಞಾನ ಬೆಳೆಯಿತೆಂದು ನಾನು ತಿಳಿಯುತ್ತೇನೆ.