ಹಲ್ಲಿನ ಒಳಗುಟ್ಟು ತೋರಿಸಿದ ಕಿರಣ



ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಇರುವ ಹಲ್ಲನ್ನು ಉಳಿಸಿಕೊಳ್ಳಲು ನೆರವಾಗುವ ಎಕ್ಸ್-ರೇ ಕಥೆಯಲ್ಲಿ ನಾವು ಬದುಕುತ್ತಿರುವ ಈ ಕೋಲ್ಕತ್ತಕ್ಕೂ ಒಂದು ಪಾಲಿದೆ.

ಜರ್ಮನಿಯ ರಾಂಟ್ಜನ್ ಈ ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಕೆಲವೇ ವಾರಗಳಲ್ಲಿ ಅದೇ ದೇಶದ ದಂತವೈದ್ಯ ಆಟೋ ವಾಲ್ಕಾಫ್ ತಮ್ಮ ಹಲ್ಲುಗಳದೇ ಚಿತ್ರ ತೆಗೆದರು. ಅದಕ್ಕೆ 25 ನಿಮಿಷ ಅಲುಗಾಡದೆ ಇರಬೇಕಾಯಿತು! ಇತ್ತ ನಮ್ಮ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಆ ದಶಕ ಮುಗಿಯುವ ಹೊತ್ತಿಗೆ ಎಕ್ಸ್-ರೇ ಉಪಕರಣ ಜೋಡಿಸಿ, ಮೂಳೆ ಮುರಿದವರನ್ನು ಪರೀಕ್ಷಿಸಲು ವೈದ್ಯರಿಗೆ ನೆರವಾಗುತ್ತಿದ್ದರು.

ಆಗ ಹಲ್ಲುನೋವಿಗೆ ಕೀಳಿಸುವುದೊಂದೇ ಹೆಚ್ಚಿನವರಿಗೆ ಗೊತ್ತಿದ್ದ ಮದ್ದು. ಅಮೆರಿಕದಲ್ಲಿ ದಂತವೈದ್ಯ ಕಲಿತು ಬಂದ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಇಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದರು. ಅದಕ್ಕೆ ಹಣ ಒದಗಿಸಿದ್ದು ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಐಸ್‌ಕ್ರೀಮ್ ಅಂಗಡಿ! 1949ರಲ್ಲಿ ಕಾಲೇಜನ್ನು ಅವರು ಸರ್ಕಾರಕ್ಕೆ ಒಪ್ಪಿಸಿದರು. ಇಂದು ಅವರದೇ ಹೆಸರಿನ ಆ ಕಾಲೇಜು ಇರುವ ರಸ್ತೆ ಯಾವುದು ಬಲ್ಲಿರಾ? ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆ.

ಸರಿ, ಕನ್ನಡಿಗೆ ಕಾಣದ್ದು ಎಕ್ಸ್-ರೇಗೆ ಏನು ಕಂಡೀತು? ಎರಡು ಹಲ್ಲುಗಳ ಸಂದಿನ ಹುಳುಕು, ಬೇರಿನ ತುದಿಯ ಸೋಂಕು, ಒಸಡಿನಡಿ ಸವೆದ ಮೂಳೆ, ಅಡ್ಡಲಾಗಿ ಸಿಕ್ಕಿಕೊಂಡ ಬುದ್ಧಿಹಲ್ಲು. ಗಟ್ಟಿ ಭಾಗ ಬೆಳ್ಳಗೆ, ಹುಳುಕು ಕಪ್ಪಗೆ ಕಾಣುತ್ತದೆ. ಎಷ್ಟೋ ಸಲ ಹುಳುಕು ಆಳಕ್ಕಿಳಿದ ಮೇಲೆಯೇ ನೋವು ಶುರು. ಮೊದಲೇ ಕಂಡರೆ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುವ ಕೆಲಸ, ತಡವಾದರೆ ಹಲ್ಲಿಗೇ ಕುತ್ತು.

ಕಿರಣದ ಭಯವೇ? ಅದಕ್ಕೂ ಕಾರಣವಿತ್ತು. ಅಮೆರಿಕದ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಬರಿಗೈಯನ್ನು ಕಿರಣಕ್ಕೆ ಒಡ್ಡಿ, ಮೊದಲು ಬೆರಳು, ಆಮೇಲೆ ತೋಳನ್ನೇ ಕಳೆದುಕೊಂಡರು. ಅಂಥವರ ಪಾಡಿನಿಂದ ಜಗತ್ತು ಪಾಠ ಕಲಿಯಿತು. ಇಂದು ಒಂದೆರಡು ಹಲ್ಲಿನ ಡಿಜಿಟಲ್ ಚಿತ್ರಕ್ಕೆ ಕ್ಷಣಾರ್ಧ ಸಾಕು. ಆಗ ತಗಲುವ ವಿಕಿರಣ, ಸುತ್ತಲಿನ ನಿಸರ್ಗದಿಂದ ನಮಗೆ ಸುಮಾರು ಒಂದು ದಿನದಲ್ಲಿ ಸಿಗುವಷ್ಟು. ಹಾಗೆಂದು ಸುಮ್ಮಸುಮ್ಮನೆ ತೆಗೆಸಬೇಕಾಗಿಲ್ಲ. ಏಕೆ ಬೇಕು ಎಂದು ವೈದ್ಯರನ್ನು ಕೇಳಿ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ವರ್ಗವಾಗಿ ಊರೂರು ತಿರುಗುವವರು ನಮ್ಮಲ್ಲಿ ಬಹಳ. ಗಂಟುಮೂಟೆ ಕಟ್ಟುವಾಗ ಹಳೆಯ ಎಕ್ಸ್-ರೇಗಳನ್ನೂ ಜೊತೆಗಿಟ್ಟುಕೊಳ್ಳಿ. ಹೊಸ ಊರಿನ ವೈದ್ಯರಿಗೆ ನಿಮ್ಮ ಹಲ್ಲಿನ ಚರಿತ್ರೆ ತಿಳಿಯುತ್ತದೆ, ಮತ್ತೆ ತೆಗೆಸುವುದೂ ತಪ್ಪೀತು.